ಯೊಸೆಮಿಟಿ ಕಣಿವೆಯ ನಿಜವಾದ ತಳ

ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಶ್ರೇಣಿಯಲ್ಲಿ ಯೊಸೆಮಿಟಿ ಎಂಬ ಕಣಿವೆಯಿದೆ. ೧೮೬೪ರಲ್ಲಿ ಅಬ್ರಹಾಂ ಲಿಂಕನ್ ಸಹಿಮಾಡಿದ ಶಾಸನವೊಂದು ಇದನ್ನು ಜನರ ವಿಹಾರಕ್ಕಾಗಿ ಕಾದಿರಿಸಿತು. ಸುತ್ತಣ ಪ್ರದೇಶವು ೧೮೯೦ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಕ್ಕೆಲಗಳಲ್ಲಿಯೂ ಗ್ರಾನೈಟ್ ಶಿಲೆಯ ಕಡಿದಾದ ಗೋಡೆಗಳು. ಎಲ್ ಕ್ಯಾಪಿಟಾನ್ ಎಂಬ ಬಂಡೆ ನೆಲದಿಂದ ಸುಮಾರು ೯೦೦ ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತಿದೆ. ನಡುವಣ ನೆಲವಾದರೋ ಗದ್ದೆಯಂತೆ ಸಮತಟ್ಟು. ಮರ್ಸೆಡ್ ನದಿಯು ಅದರ ಮೇಲೆ ಬಳುಕುತ್ತ ಹರಿಯುತ್ತದೆ.

ಈ ಸಮತಟ್ಟು ನೆಲವೇ ಒಂದು ಒಗಟು. ಬೆಟ್ಟಗಳಲ್ಲಿ ನದಿ ತೋಡಿದ ಕಣಿವೆ ಸಾಮಾನ್ಯವಾಗಿ ಬುಡದಲ್ಲಿ ಕಿರಿದಾಗಿರುತ್ತದೆ. ಕಣಿವೆಯ ನೆಲವೇ ಕುಸಿದು ಕೆಳಗಿಳಿದಿದೆಯೆಂದು ಭೂವಿಜ್ಞಾನಿ ಜೋಸಿಯಾ ವಿಟ್ನಿ ೧೮೬೦ರ ದಶಕದಲ್ಲಿ ವಾದಿಸಿದನು. ೧೮೬೯ರ ಬೇಸಗೆಯಲ್ಲಿ ಕುರಿಮಂದೆಯ ಜೊತೆಗೆ ಈ ಬೆಟ್ಟಗಳನ್ನೇರಿದ ಜಾನ್ ಮ್ಯೂರ್, ಬಂಡೆಗಳ ನುಣುಪನ್ನೂ ಗೀರುಗಳನ್ನೂ ಕಂಡು, ಇದು ಹಿಮನದಿಯ ಕೆಲಸವೆಂದು ಸಾರಿದನು. ವಿಟ್ನಿ ಒಪ್ಪಲಿಲ್ಲ. ನದಿ ತೋಡಿದ ಕಣಿವೆಯನ್ನು ಹಿಮನದಿಗಳು ಹಿಗ್ಗಿಸಿ ಆಳಗೊಳಿಸಿದುವೆಂದು ಫ್ರಾಂಸ್ವಾ ಮ್ಯಾಥೆಸ್ ೧೯೩೦ರಲ್ಲಿ ವಿವರವಾಗಿ ತೋರಿಸಿದ ಮೇಲೆ ವಾದ ಬಹುಮಟ್ಟಿಗೆ ಮುಗಿಯಿತು.

ಆದರೆ ಎಷ್ಟು ಆಳ? ಇಲ್ಲಿ ಭೌತವಿಜ್ಞಾನ ನೆರವಿಗೆ ಬಂದಿತು. ೧೯೩೦ರ ದಶಕದಲ್ಲಿ ಗುಟೆನ್‌ಬರ್ಗ್, ಬುವಾಲ್ಡಾ ಮೊದಲಾದವರು ಇಲ್ಲಿ ಸಣ್ಣ ಸ್ಫೋಟಗಳನ್ನು ಮಾಡಿ, ನೆಲದೊಳಗೆ ಹೋಗಿ ಹಿಂದಿರುಗಿದ ಕಂಪನಗಳ ಕಾಲವನ್ನು ಅಳೆದರು. ಸಡಿಲ ಮಣ್ಣಿನಲ್ಲಿ ತರಂಗದ ವೇಗ ಕಡಿಮೆ, ಗ್ರಾನೈಟಿನಲ್ಲಿ ಹೆಚ್ಚು. ಇವೆರಡೂ ಸಂಧಿಸುವಲ್ಲಿ ತರಂಗದ ಒಂದಂಶ ಪ್ರತಿಫಲಿಸುತ್ತದೆ. ಮಣ್ಣಿನಲ್ಲಿ ವೇಗ ಸೆಕೆಂಡಿಗೆ ೨೦೦೦ ಮೀಟರ್ ಎಂದಿಟ್ಟುಕೊಳ್ಳೋಣ. ಪ್ರತಿಧ್ವನಿ ೦.೬ ಸೆಕೆಂಡಿಗೆ ಬಂದರೆ, ಹೋಗಿ ಬಂದ ದಾರಿ ೧೨೦೦ ಮೀಟರ್, ಆಳ ೬೦೦ ಮೀಟರ್. ೧೯೫೬ರಲ್ಲಿ ಪ್ರಕಟವಾದ ಫಲಿತಾಂಶವೂ ಹೆಚ್ಚುಕಡಮೆ ಇದೇ: ಅತಿ ಆಳದ ಎಡೆಯಲ್ಲಿ ಶಿಲಾತಳವು ಹುಲ್ಲುಗಾವಲಿನ ಕೆಳಗೆ ೬೦೦ ಮೀಟರಿನಷ್ಟು ಹುದುಗಿದೆ. ಪಡುವಲಿಗೆ ಹೋದಂತೆ ಅದು ಮತ್ತೆ ಮೇಲೇರುತ್ತದೆ. ಎಂದರೆ ಇದು ಬೋಗುಣಿಯಂತಹ ಕುಳಿ.

ನೀರು ಇಂತಹ ಕುಳಿಯನ್ನು ತೋಡಲಾರದು; ಹೊರದಾರಿಗಿಂತ ತಳ ಕೆಳಗಾದೊಡನೆ ಅದು ಕೆರೆಯಾಗಿ ನಿಂತುಬಿಡುತ್ತದೆ. ಹಿಮ ಹಾಗಲ್ಲ. ಅದರ ಚಲನೆಯ ದಿಕ್ಕನ್ನು ಮುಖ್ಯವಾಗಿ ನಿರ್ಧರಿಸುವುದು ಮೇಲ್ಮೈಯ ಇಳಿಜಾರು. ಮೇಲ್ಮೈ ಪಡುವಲಿಗೆ ಇಳಿದಿದ್ದರೆ ತಳದ ಹಿಮ ಎದುರಿನ ಏರನ್ನೂ ಹತ್ತಿ ಸಾಗುತ್ತದೆ. ಬಿರುಕುಬಿಟ್ಟ ಶಿಲೆಯನ್ನು ಕಿತ್ತು ಒಯ್ಯುತ್ತದೆ. ವಿದ್ಯಾರ್ಥಿಗಳಿಗೆ ಈ ಅಂಶ ಮೊದಲು ವಿಚಿತ್ರವಾಗಿ ತೋರುವುದು ಸಹಜ, ನಮಗೂ ತೋರಿತ್ತು.

ಹಿಮ ಹಿಂದೆಸರಿದಾಗ ಕುಳಿಯಲ್ಲಿ ಜಲ್ಲಿ, ಮರಳು, ಹೂಳು ತುಂಬಿದುವು. ಕೊನೆಯ ಬಾರಿ ಬಂದ ಹಿಮನದಿ ಚಿಕ್ಕದು. ಅದು ಈ ತುಂಬನ್ನು ಪೂರ್ತಿ ಕೆರೆದು ತೆಗೆಯಲಾರದೆ, ಎಲ್ ಕ್ಯಾಪಿಟಾನಿನ ಬಳಿ ಕಲ್ಲುಮಣ್ಣಿನ ದಿಣ್ಣೆಯೊಂದನ್ನು ಬಿಟ್ಟು ಕರಗಿತು. ದಿಣ್ಣೆಯ ಹಿಂದೆ ನಿಂತ ಸರೋವರವೂ ಕ್ರಮೇಣ ಹೂತುಹೋಯಿತು. ಮರ್ಸೆಡ್ ಬಳುಕುತ್ತಿರುವುದು ಆ ಹೂಳಿನ ಮೇಲೆ. ಪಾಪ, ವಿಟ್ನಿ! ತಳ ಬಹಳ ಕೆಳಗಿದೆಯೆಂಬಷ್ಟು ಮಾತ್ರ ಅವನ ಮಾತು ಸರಿಯಾಗಿತ್ತು.