ಕೆಮ್ಮಣ್ಣು ಕಲಿಸಿದ್ದು

ಬೆಂಗಳೂರಿನ ಹಳೇ ಬಡಾವಣೆಗಳ ಒಳಚರಂಡಿ ಪೈಪುಗಳಿಗೆ ಒಳಗಿನಿಂದ ಲೈನರ್ ಹಾಕಿಸುವುದು ನನ್ನ ಹೊಟ್ಟೆಪಾಡು. ರೆಸಿನ್‌ನಲ್ಲಿ ನೆನೆಸಿದ ಉದ್ದನೆಯ ಚೀಲವನ್ನು ಮ್ಯಾನ್‌ಹೋಲಿನಿಂದ ಬಿಟ್ಟು, ಕಾಲುಚೀಲ ತಿರುವಿದ ಹಾಗೆ ನೀರಿನ ಒತ್ತಡದಲ್ಲಿ ಹೊರಳಿಸುತ್ತಾ ಹೋಗಿ, ಬಿಸಿನೀರು ಹಾಯಿಸಿ ಗಟ್ಟಿ ಮಾಡುತ್ತೇವೆ. 1971ರಲ್ಲಿ ಎರಿಕ್ ವುಡ್ ಎಂಬಾತ ಲಂಡನ್ನಿನಲ್ಲಿ ಮೊದಲು ಮಾಡಿ ತೋರಿಸಿದ ಉಪಾಯ. ಚೀಲ ಹಾಕುವುದೇ ಕೆಲಸ, ಮಿಕ್ಕಿದ್ದೆಲ್ಲ ಬರೀ ಕ್ಲೀನಿಂಗು ಅಂದುಕೊಂಡಿದ್ದೆ. ನಾನು ಕೆಡಿಸಿದ್ದೆಲ್ಲ ಆ ಮಿಕ್ಕಿದ್ದರಲ್ಲೇ.

1. ಹೆಂಚು ಉಬ್ಬುತಗ್ಗಾಗಿದ್ದರೆ ದೋಸೆಯೂ ಉಬ್ಬುತಗ್ಗು.
ಮೊದಲ ಕೆಲಸ ಒಂಬತ್ತಿಂಚಿನ ಸ್ಟೋನ್‌ವೇರ್ ಪೈಪು. ಎರಡು ಮೂರು ಅಡಿಗೊಂದು ಜಾಯಿಂಟ್. ಒಂದು ಕಡೆ ನಿಂಬೆಹಣ್ಣಿನಷ್ಟು ಸಿಮೆಂಟ್ ಗಂಟು ಕ್ಯಾಮೆರಾದಲ್ಲಿ ಚೆನ್ನಾಗಿಯೇ ಕಂಡಿತ್ತು. ‘ಲೈನರ್ ಮುಚ್ಚಿಕೊಳ್ಳುತ್ತೆ ಬಿಡ್ರಿ’ ಎಂದೆ. ಮುಚ್ಚಿಕೊಂಡಿತು, ಗಂಟಿನ ಸಮೇತ. ಆಮೇಲೆ ಬಟ್ಟೆ ಚೂರು, ಕೂದಲು ಎಲ್ಲ ಅಲ್ಲೇ ಸಿಕ್ಕಿಕೊಳ್ಳತೊಡಗಿದವು. ಕಟರ್ ರೋಬೋ ಬಿಟ್ಟು ಒಂದು ಗಂಟೆಯಲ್ಲಿ ಸವರಬಹುದಾಗಿದ್ದ ಗಂಟಿಗಾಗಿ ಹೊಸ ಲೈನರನ್ನೇ ಕೊಯ್ದು ತೇಪೆ ಹಾಕಬೇಕಾಯಿತು.

2. ಕೆಂಪು ಬಂದರೆ ನಿಲ್ಲಿಸಿ.
ಇದನ್ನು ಹೇಳಲು ಈಗಲೂ ನಾಚಿಕೆ. ಪೈಪಿನ ನೆತ್ತಿಯಲ್ಲಿ ಒಂದು ಹೋಳು ಕಳಚಿತ್ತು. ಅದರ ಬಗ್ಗೆ ಯೋಚಿಸದೆ, ನೀರು ಚಿಮ್ಮಿಸಿ ಹೂಳು ತೆಗೆಯುವ ಜೆಟ್ಟಿಂಗ್ ಮಷೀನನ್ನು ಪೂರ್ತಿ ಪ್ರೆಷರ್‌ನಲ್ಲಿ ಬಿಡಿಸಿದೆ. ಬಕೆಟ್ಟುಗಟ್ಟಲೆ ಮಣ್ಣು ಬರತೊಡಗಿತು. ಹೂಳು ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ನಾನು ಹಿಗ್ಗುತ್ತಿದ್ದರೆ, ಮಷೀನಿನ ಹುಡುಗ ತಣ್ಣಗೆ ಹೇಳಿದ: ‘ಸಾರ್, ಹೂಳು ಕರ್‍ರಗಿರುತ್ತೆ. ಇದು ಕೆಮ್ಮಣ್ಣು.’ ಅಂದರೆ ಪೈಪಿನ ಹೊರಗಿನದು, ರಸ್ತೆಯನ್ನು ಹೊತ್ತಿದ್ದ ಮಣ್ಣು. ಅವನ ಮಾತಿಗೆ ತಲೆ ಆಡಿಸಿದೆ, ಮಷೀನು ಮಾತ್ರ ನಿಲ್ಲಿಸಲಿಲ್ಲ, ಸಂಜೆಯೊಳಗೆ ಮುಗಿಯಬೇಕಿತ್ತು. ಮರುದಿನ ಬೆಳಗ್ಗೆ ಹಾಲಿನ ಟೆಂಪೋದ ಹಿಂದಿನ ಚಕ್ರ ಡಾಂಬರಿನೊಳಗೆ ಕೂತಿತ್ತು. ‘ರಸ್ತೆ ಅಗೆಯುವುದಿಲ್ಲ’ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವನೇ ನಿಂತು ಅಗೆಸಿದೆ. ಹೋಳು ಬಿದ್ದ ಜಾಗದಲ್ಲಿ ಮೊದಲೇ ಚಿಕ್ಕ ಗುಂಡಿ ತೋಡಿ, ಆ ತುಂಡು ಬದಲಿಸಿ, ಸುತ್ತಲಿನ ಪೊಳ್ಳು ತುಂಬಿಸಿ ಆಮೇಲೆ ಚೀಲ ಬಿಡಬೇಕಿತ್ತು. ಅಷ್ಟು ಚಿಕ್ಕ ಗುಂಡಿಗೆ ಆಗ ನನ್ನ ಮಾನ ಅಡ್ಡ ಬಂದಿತ್ತು.

3. ಮೊದಲು ಸೋರಿಕೆ ನಿಲ್ಲಲಿ.
ಮಳೆಗಾಲದಲ್ಲಿ ಜಾಯಿಂಟಿನಿಂದ ಅಂತರ್ಜಲ ಚಿಮ್ಮುತ್ತಿದ್ದಾಗಲೇ ಲೈನರ್ ಹಾಕಿಸಿದೆ. ನೀರು ರೆಸಿನನ್ನು ತೊಳೆಯಿತು, ತಣ್ಣಗೂ ಮಾಡಿತು. ಅಲ್ಲೊಂದು ಕಡೆ ಗಟ್ಟಿಯಾಗಲೇ ಇಲ್ಲ. ಈಗ ಗ್ರೌಟ್ ತುಂಬಿಸಿ, ಒಸರು ನಿಂತ ಮೇಲೆಯೇ ಮುಂದಿನ ಮಾತು. ಬೇರು ನುಗ್ಗಿದ ಜಾಯಿಂಟಿಗೂ ಇದೇ: ಬೇರು ಕತ್ತರಿಸಿದರೂ ಅದು ಬಂದ ದಾರಿ ಉಳಿದೇ ಇರುತ್ತದೆ.

4. ಮುಚ್ಚುವ ಮೊದಲು ಬಾಗಿಲುಗಳನ್ನು ಎಣಿಸಿ.
ಲೈನರ್ ಪ್ರತಿ ಮನೆಯ ಕನೆಕ್ಷನ್ನನ್ನೂ ಮುಚ್ಚಿಬಿಡುತ್ತದೆ. ಒಳಗಿನಿಂದ ಕೊಯ್ದು ತೆರೆಯಬೇಕು. ಹನ್ನೊಂದು ಬರೆದುಕೊಂಡಿದ್ದೆ, ಇದ್ದದ್ದು ಹನ್ನೆರಡು. ಬೇರುಗಳ ಹಿಂದೆ ಅಡಗಿದ್ದ ಒಂದನ್ನು ಹಳೆಯ ಬಿರುಕು ಎಂದುಕೊಂಡಿದ್ದೆ. ಆ ಮನೆಯ ಅಜ್ಜಿ ಬಚ್ಚಲಲ್ಲಿ ಪಾದ ಮುಳುಗುವಷ್ಟು ನೀರಲ್ಲಿ ನಿಂತು, ‘ಏನಪ್ಪಾ, ರಿಪೇರಿ ಅಂದ್ರೆ ಇದೇನಾ?’ ಎಂದರು. ಉತ್ತರವಿರಲಿಲ್ಲ. ಈಗ ಪ್ರತಿ ಮನೆಯ ಚೇಂಬರಿಗೂ ಬಣ್ಣದ ನೀರು ಸುರಿಸಿ, ಕ್ಯಾಮೆರಾದಲ್ಲಿ ಅದು ಬೀಳುವ ಜಾಗ ನೋಡಿ ಬರೆದುಕೊಳ್ಳುತ್ತೇನೆ.

5. ಲೈನರ್ ವಾಟ ಕೊಡುವುದಿಲ್ಲ.
ಕುಸಿದು ಹೊಟ್ಟೆ ಬಿಟ್ಟ ಪೈಪಿನೊಳಗೆ ಹೊಸ ಲೈನರೂ ಹೊಟ್ಟೆ ಬಿಟ್ಟೇ ಮಲಗುತ್ತದೆ. ಅಂಥ ಕಡೆ ತೆಗೆದು ಹೊಸದಾಗಿ ಹೂಳುವುದೊಂದೇ ದಾರಿ. ನಾನು ತೆಗೆಯದೆ ಬಿಟ್ಟ ಅಂಥದೊಂದು ತಗ್ಗು ಇನ್ನೂ ಅಲ್ಲೇ ಇದೆ. ಪ್ರತಿ ಮೇ ತಿಂಗಳು, ಮಳೆ ಹಿಡಿಯುವ ಮೊದಲು, ನನ್ನ ಕೈಯಿಂದಲೇ ದುಡ್ಡು ಕೊಟ್ಟು ಅದಕ್ಕೆ ಜೆಟ್ಟಿಂಗ್ ಮಾಡಿಸುತ್ತೇನೆ.