ಸಾಹಿತ್ಯ ಚರಿತ್ರೆ ಮತ್ತು ವಿದ್ವತ್ ಸನ್ನಿವೇಶ

ಸಾಹಿತ್ಯ ಚರಿತ್ರೆಯೆಂದರೆ ಕವಿ-ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವ ನಿರ್ಲಿಪ್ತ ಕಾರ್ಯವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಚರಿತ್ರಕಾರನು ಯಾವ ಸಂಸ್ಥೆಯಲ್ಲಿದ್ದು, ಯಾವ ಸಾಮಗ್ರಿಯನ್ನು ಆಧರಿಸಿ, ಯಾರಿಗಾಗಿ ಬರೆಯುತ್ತಾನೆಂಬುದು ಚರಿತ್ರೆಯ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕನ್ನಡದಲ್ಲಿಯೇ ಇದಕ್ಕೆ ಸ್ಪಷ್ಟ ನಿದರ್ಶನಗಳಿವೆ.

‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಪ್ರಕಟವಾದವು. ಅದರ ಕರ್ತೃ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ಶಾಸನ, ಓಲೆಗರಿಗಳ ನಡುವೆ ರೂಪುಗೊಂಡ ಈ ಗ್ರಂಥದಲ್ಲಿ ಕವಿಯ ಕಾಲ, ಮತ, ಆಶ್ರಯ, ಕೃತಿಗಳ ನಿರ್ಣಯಕ್ಕೆ ಪ್ರಾಧಾನ್ಯ ದೊರೆತುದು ಸಹಜ. ಈ ಅಡಿಪಾಯದ ಮೇಲೆಯೇ ಮುಂದಿನ ಚರಿತ್ರೆಗಳು ನಿಂತಿವೆ. ಆದರೆ ಕರ್ತೃವಿನ ಹೆಸರಿಲ್ಲದ, ಲಿಪಿಗಿಳಿಯದ ಮೌಖಿಕ ಕಾವ್ಯಕ್ಕೆ ಈ ಚೌಕಟ್ಟಿನಲ್ಲಿ ಎಡೆಯಿರಲಿಲ್ಲ. ಇನ್ನೊಂದೆಡೆ, ಕ್ರೈಸ್ತ ಮಿಷನರಿಯಾಗಿದ್ದ ಇ.ಪಿ. ರೈಸ್ ಅವರು ಇಂಗ್ಲಿಷಿನಲ್ಲಿ ಬರೆದ ಚರಿತ್ರೆಯಲ್ಲಿ ಮತಧರ್ಮಗಳೇ ಕಾಲವಿಭಾಗಕ್ಕೆ ಆಧಾರವಾದವು.

ರಂ.ಶ್ರೀ. ಮುಗಳಿಯವರ ಸನ್ನಿವೇಶ ಬೇರೆ. ಅವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. 1953ರಲ್ಲಿ ಹೊರಬಂದ ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ ಮತಾಧಾರಿತ ವಿಭಾಗವನ್ನು ಬಿಟ್ಟು, ಪಂಪ, ಬಸವ, ಕುಮಾರವ್ಯಾಸರ ಹೆಸರಿನಲ್ಲಿ ಯುಗಗಳನ್ನು ಗುರುತಿಸಿತು. ಸಾಹಿತ್ಯಕ ಮೌಲ್ಯಕ್ಕೆ ಆದ್ಯತೆ ಕೊಟ್ಟ ಈ ಕ್ರಮ ಬೋಧನೆಗೂ ಅನುಕೂಲವಾಯಿತು. ಆದರೆ ಯುಗಪ್ರವರ್ತಕರ ಪ್ರಭೆಯಲ್ಲಿ ಉಳಿದ ಕವಿಗಳು ಮಂಕಾಗುವ ಅಪಾಯವೂ ಅದರಲ್ಲಿ ಅಡಗಿತ್ತು. 1970ರ ದಶಕದಲ್ಲಿ ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳು ಅನೇಕ ವಿದ್ವಾಂಸರಿಂದ ಬೃಹತ್ ಸಂಪುಟಗಳನ್ನು ಬರೆಯಿಸಿದಾಗ ಚರಿತ್ರೆಯ ವ್ಯಾಪ್ತಿ ಹಿಗ್ಗಿತು. ಏಕದೃಷ್ಟಿಯ ಬಂಧ ಮಾತ್ರ ಸಡಿಲಗೊಂಡಿತು.

ಇವು ಆಯಾ ವಿದ್ವಾಂಸರ ದೋಷಗಳಲ್ಲ. ಅವರವರ ಸನ್ನಿವೇಶದ ಫಲಗಳು. ಆದರೆ ಪಠ್ಯಕ್ರಮವನ್ನು ಸೇರಿದೊಡನೆ ಈ ವಿಭಾಗಗಳು ಪ್ರಶ್ನಾತೀತ ಸತ್ಯಗಳಂತೆ ತೋರತೊಡಗುತ್ತವೆ. ವಿದ್ಯಾರ್ಥಿಯು ಯುಗಗಳ ಹೆಸರನ್ನು ಕಂಠಪಾಠ ಮಾಡುತ್ತಾನೆ. ಆ ಹೆಸರುಗಳು ಏಕೆ ಬಂದವು, ಯಾವುದನ್ನು ಹೊರಗಿಟ್ಟವು ಎಂದು ಕೇಳುವುದಿಲ್ಲ.

ಹೊರನಾಡಿನ ಕನ್ನಡ ವಿಭಾಗಗಳ ಹೊಣೆ ಇಲ್ಲಿ ವಿಶೇಷವಾದುದು. ಪಂಢರಪುರದ ವಿಠಲನನ್ನು ಹಾಡಿದ ಹರಿದಾಸರನ್ನು ಮರಾಠಿ ಸಂತರೊಡನೆ ಓದುವ ಅವಕಾಶ ಮುಂಬಯಿ, ಪುಣೆಗಳ ತರಗತಿಗೆ ಸಹಜವಾಗಿಯೇ ಒದಗುತ್ತದೆ. ಚೆನ್ನೈಗೆ ತಮಿಳು, ಹೈದರಾಬಾದಿಗೆ ತೆಲುಗು ಅಂಥದೇ ನೆರೆ. ಈ ನೆರೆಯಿಂದ ಬರೆಯುವ ಚರಿತ್ರೆಗೂ ತನ್ನ ಮಿತಿಗಳಿರುತ್ತವೆ. ಆದರೂ ಒಂದು ಭಾಷೆಯ ಗಡಿಯೊಳಗೆ ಕಾಣದ ಸಂಬಂಧಗಳನ್ನು ಅದು ಕಾಣಿಸಬಲ್ಲುದು. ತಾನು ನಿಂತ ನೆಲೆಯನ್ನು ಮರೆಮಾಚದೆ ಹೇಳುವ ಚರಿತ್ರೆಯೇ ಓದುಗನಿಗೆ ಪರಿಶೀಲನೆಯ ಸ್ವಾತಂತ್ರ್ಯವನ್ನು ಕೊಡುತ್ತದೆ.