ಮಾದರಿ ವಿಮಾನ ಎಷ್ಟು ಹೊತ್ತು ಹಾರೀತು?

ಹಣತೆಯಲ್ಲಿ ಎಷ್ಟು ಎಣ್ಣೆಯಿದೆ, ಬತ್ತಿ ಎಷ್ಟು ದಪ್ಪವಾಗಿದೆ ಎಂಬುದನ್ನು ನೋಡಿ, ದೀಪವು ಎಷ್ಟು ಹೊತ್ತು ಉರಿದೀತೆಂದು ನಮ್ಮ ಮನೆಗಳ ಹಿರಿಯರು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿಬಿಡುತ್ತಿದ್ದರು. ಅಂದಾಜು ತಪ್ಪಿದರೆ ಕೋಣೆ ಕತ್ತಲಾಗುತ್ತಿತ್ತು, ಅಷ್ಟೆ. ಮತ್ತೆ ಎಣ್ಣೆ ಹೊಯ್ದು ಹೊತ್ತಿಸಿದರಾಯಿತು. ಆದರೆ ರೇಡಿಯೋ ಸಂಕೇತದಿಂದ ನಡೆಯುವ ಮಾದರಿ ವಿಮಾನವೊಂದು ನೂರು ಮೀಟರ್ ಎತ್ತರದಲ್ಲಿರುವಾಗ ಅದರ 'ಎಣ್ಣೆ' ತೀರಿದರೆ, ಮೇಲೆ ಹೋಗಿ ಹೊಯ್ಯುವವರು ಯಾರು?

ಈ ಪ್ರಶ್ನೆ ಬರಿಯ ವಿನೋದದ್ದಲ್ಲ. ತರೀಕೆರೆಯ ಸುತ್ತಲಿನ ಪ್ರದೇಶವನ್ನೇ ನೋಡೋಣ. ಇಲ್ಲಿ ಅಡಕೆ ತೆಂಗಿನ ತೋಟಗಳೂ, ಅವುಗಳ ನಡುವೆ ದಾರಿಗಳೂ, ದನ ಮೇಯುವ ಬಯಲುಗಳೂ ಒತ್ತೊತ್ತಾಗಿವೆ. ಒಂದೂವರೆ ಕಿಲೋಗ್ರಾಂ ತೂಕದ ಮಾದರಿ ವಿಮಾನವು ಸೆಕೆಂಡಿಗೆ ೧೫ ಮೀಟರ್ ವೇಗದಲ್ಲಿ ಬಂದು ಬಡಿಯಿತೆಂದು ಭಾವಿಸಿರಿ. ಲೆಕ್ಕ ಮಾಡಿದರೆ, ಅಷ್ಟೇ ತೂಕದ ಸುಲಿಯದ ತೆಂಗಿನಕಾಯಿಯು ೧೧ ಮೀಟರಿಗೂ ಮಿಕ್ಕ ಎತ್ತರದ ಮರದಿಂದ ಬಿದ್ದಷ್ಟು ಶಕ್ತಿ ಅದರಲ್ಲಿರುವುದು. ತೋಟದಲ್ಲಿ ನಡೆದಾಡಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ವಿಮಾನವನ್ನು ಮೇಲಕ್ಕೇರಿಸುವ ಮುನ್ನವೇ, ಅದನ್ನು ಎಷ್ಟು ನಿಮಿಷಗಳಲ್ಲಿ ಕೆಳಗಿಳಿಸಬೇಕೆಂಬುದು ತಿಳಿದಿರಬೇಕು.

ಮಾದರಿ ವಿಮಾನಕ್ಕೂ ಗಡಿಯಾರಕ್ಕೂ ಇರುವ ನಂಟು ಹಳೆಯದು. ೧೮೭೧ನೆಯ ಆಗಸ್ಟಿನಲ್ಲಿ ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣನು ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ, ಹುರಿಗೊಳಿಸಿದ ರಬ್ಬರಿನ ಎಳೆಗಳಿಂದ ಪ್ರೊಪೆಲ್ಲರು ತಿರುಗುವ ಪುಟ್ಟ ವಿಮಾನವೊಂದನ್ನು ಹಾರಿಸಿ ತೋರಿಸಿದನು. ಅದು ೧೧ ಸೆಕೆಂಡುಗಳಲ್ಲಿ ಸುಮಾರು ೪೦ ಮೀಟರ್ ಸಾಗಿತು. ರಬ್ಬರಿನ ಹುರಿ ಬಿಚ್ಚಿಕೊಳ್ಳುವವರೆಗೆ ಹಾರಾಟ, ಬಿಚ್ಚಿದೊಡನೆ ಮುಕ್ತಾಯ. ಅಲ್ಲಿ ಕಾಲವನ್ನು ಅಳೆಯುವುದು ಹೆಮ್ಮೆಗಾಗಿಯೇ ಹೊರತು ರಕ್ಷಣೆಗಾಗಿ ಅಲ್ಲ.

ಮುಂದೆ ಮಾದರಿಗಳು ಹಗುರವೂ ದಕ್ಷವೂ ಆದಂತೆ ವಿಚಿತ್ರವಾದ ತೊಡಕೊಂದು ಎದುರಾಯಿತು. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಗೆ ಸಿಕ್ಕಿದ ಮಾದರಿಯು ಕೆಳಗಿಳಿಯದೆ, ಹದ್ದಿನಂತೆ ಸುತ್ತುತ್ತ ಸುತ್ತುತ್ತ ಕಣ್ಮರೆಯಾಗಿಬಿಡುತ್ತಿತ್ತು. ಇದಕ್ಕೆ ಹವ್ಯಾಸಿಗಳು ಕಂಡುಹಿಡಿದ ಉಪಾಯ ಬಹು ಸೊಗಸಾದುದು. ನಮ್ಮ ಊದುಬತ್ತಿಯಂತೆ ಮೆಲ್ಲಗೆ ಕೆಂಡವಾಗಿ ಉರಿಯುವ ಹತ್ತಿಯ ಬತ್ತಿಯೊಂದನ್ನು ಬಾಲದ ಬಳಿ ಸಿಕ್ಕಿಸುವರು. ಕೆಂಡವು ಗೊತ್ತಾದ ದೂರವನ್ನು ಕ್ರಮಿಸಿದಾಗ ಒಂದು ರಬ್ಬರ್ ಉಂಗುರವನ್ನು ಸುಟ್ಟು ಕಡಿಯುವುದು. ಬಾಲದ ರೆಕ್ಕೆ ಒಮ್ಮೆಲೇ ಮೇಲಕ್ಕೆ ಮಡಚಿಕೊಳ್ಳುವುದು. ವಿಮಾನವು ಹಾರುವ ಗುಣವನ್ನು ಕಳೆದುಕೊಂಡು, ತರಗೆಲೆಯಂತೆ ಮೆಲ್ಲನೆ ಇಳಿಯುವುದು. ಬತ್ತಿಯ ಉದ್ದವೇ ಅಲ್ಲಿ ಗಡಿಯಾರ! ಅನಂತರ ಈ ಕೆಲಸಕ್ಕೆ ಕೀಲಿ ಕೊಡುವ ಗಡಿಯಾರಗಳೂ, ಈಚೆಗೆ ಎಲೆಕ್ಟ್ರಾನಿಕ್ ಗಡಿಯಾರಗಳೂ ಬಂದಿವೆ.

ರೇಡಿಯೋ ಬಂದ ಮೇಲೆ ಈ ಚಿಂತೆ ತಪ್ಪಿತು. ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಸೋದರರು ೧೯೩೭ರಲ್ಲಿ 'ಗಫ್' ಎಂಬ ಮಾದರಿಯನ್ನು ರೇಡಿಯೋ ಮೂಲಕ ನಡೆಸಿದರು. ಅಂದಿನಿಂದ ದಿಕ್ಕು ನಮ್ಮ ಕೈಗೆ ಬಂದಿತು, ಎತ್ತರವೂ ಬಂದಿತು. ಆದರೆ ಎಣ್ಣೆ ಎಷ್ಟು ಉಳಿದಿದೆ ಎಂಬುದು ಮಾತ್ರ ನೆಲದಲ್ಲಿ ನಿಂತವನಿಗೆ ಕಾಣದು.

ಇಂದಿನ ಸಾಮಾನ್ಯ ಮಾದರಿಯಲ್ಲಿ ಎಣ್ಣೆಯ ಸ್ಥಾನದಲ್ಲಿರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಬತ್ತಿಯ ಸ್ಥಾನದಲ್ಲಿರುವುದು ಮೋಟಾರು. ಅದನ್ನು ಏರಿಸಿ ಇಳಿಸುವುದು ನಮ್ಮ ಕೈಯಲ್ಲಿನ ರಿಮೋಟಿನ ಥ್ರಾಟಲ್ ಸನ್ನೆ. ಬ್ಯಾಟರಿಯ ಪ್ರತಿಯೊಂದು ಕೋಶವೂ ಪೂರ್ತಿ ತುಂಬಿದಾಗ ೪.೨ ವೋಲ್ಟ್ ತೋರಿಸುವುದು. ಅದು ೩ ವೋಲ್ಟಿಗಿಂತ ಕೆಳಗಿಳಿದರೆ ಕೋಶಕ್ಕೆ ಶಾಶ್ವತವಾದ ಹಾನಿ. ಕೆಲವೊಮ್ಮೆ ಅದು ಉಬ್ಬಿಕೊಳ್ಳುವುದೂ ಉಂಟು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನವಿತ್ತಂತೆ. ಬ್ಯಾಟರಿ ಸೋಲತೊಡಗಿದೊಡನೆ ವಿಮಾನದೊಳಗಿನ ವೇಗನಿಯಂತ್ರಕವು ಮೋಟಾರಿಗೆ ಹೋಗುವ ಪ್ರವಾಹವನ್ನು ಕಡಿದು, ಉಳಿದ ಅಲ್ಪಸ್ವಲ್ಪವನ್ನು ರೇಡಿಯೋ ಗ್ರಾಹಕಕ್ಕೂ ಚುಕ್ಕಾಣಿಗಳನ್ನು ತಿರುಗಿಸುವ ಸರ್ವೋಗಳಿಗೂ ಮೀಸಲಿಡುವುದು. ಆಗ ವಿಮಾನವನ್ನು ತೇಲಿಸಿಕೊಂಡು ಇಳಿಸಲು ಒಂದೇ ಒಂದು ಅವಕಾಶವಿರುತ್ತದೆ. ಆ ಸ್ಥಿತಿಗೆ ಎಂದೂ ಹೋಗದಿರುವುದೇ ಒಳ್ಳೆಯ ಪೈಲಟ್ಟಿನ ಲಕ್ಷಣವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಕೈಗಡಿಯಾರ ನೋಡಿಕೊಂಡು ಹಾರಿಸಿದರಾಗದೆ? ಆಗದು. ಸೆಕೆಂಡಿಗೆ ೧೫ ಮೀಟರ್ ಓಡುವ ವಿಮಾನದಿಂದ ಎರಡೇ ಸೆಕೆಂಡು ಕಣ್ಣು ತೆಗೆದರೆ ಅದು ೩೦ ಮೀಟರ್ ಸರಿದಿರುವುದು. ಮತ್ತೆ ತಲೆಯೆತ್ತಿದಾಗ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ಗಾಬರಿಯಾಗುವುದು. ಮನಸ್ಸಿನ ಅಂದಾಜನ್ನಂತೂ ನಂಬಲೇಬಾರದು. ಹಾರಿಸುವ ಉತ್ಸಾಹದಲ್ಲಿ ಏಳು ನಿಮಿಷಗಳು ಮೂರೇ ನಿಮಿಷಗಳಂತೆ ತೋರುವುದನ್ನು ನಾವೇ ಅನುಭವಿಸಿದ್ದೇವೆ. ಆದುದರಿಂದ ಕಾಲವು ಕಣ್ಣಿಗಲ್ಲ, ಕಿವಿಗೆ ತಿಳಿಯಬೇಕು. ಪಕ್ಕದಲ್ಲಿ ಗೆಳೆಯನೊಬ್ಬನು ನಿಂತು ಮೊಬೈಲಿನ ಸ್ಟಾಪ್‌ವಾಚ್ ನೋಡಿ ನಿಮಿಷ ನಿಮಿಷವನ್ನೂ ಕೂಗಿ ಹೇಳಬಹುದು. ಅದಿಲ್ಲವಾದರೆ ರಿಮೋಟಿನಲ್ಲೇ ಇರುವ ಟೈಮರನ್ನು ಇಳಿಎಣಿಕೆಗೆ ಹೊಂದಿಸಿ, ಥ್ರಾಟಲನ್ನು ಮೊದಲ ಸಲ ಮೇಲೇರಿಸಿದೊಡನೆ ಅದು ತಾನಾಗಿ ಓಡತೊಡಗುವಂತೆ ಮಾಡಬಹುದು. ಗುಂಡಿಯೊತ್ತಿ ಟೈಮರನ್ನು ಪ್ರಾರಂಭಿಸುವ ಪದ್ಧತಿ ನಮಗೆ ಹಿಡಿಸದು. ಮರೆವೆಂಬುದು ಎಲ್ಲರಿಗೂ ಇದೆ.

ಈಗ ಮುಖ್ಯವಾದ ಪ್ರಶ್ನೆ: ಟೈಮರಿಗೆ ಎಷ್ಟು ನಿಮಿಷ ಕೊಡಬೇಕು? ವಿಮಾನದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಕೊಡುವುದು ರೂಢಿ. ಅದು ತಪ್ಪು. ಗಡಿಯಾರವು ಅಳೆಯುವುದು ಕಾಲವನ್ನು, ತೀರುವುದಾದರೋ ವಿದ್ಯುತ್ತು. ಇವೆರಡರ ಸಂಬಂಧವನ್ನು ನಮ್ಮದೇ ವಿಮಾನದಲ್ಲಿ, ನಮ್ಮದೇ ಬಯಲಿನಲ್ಲಿ ನಾವೇ ಕಂಡುಹಿಡಿಯಬೇಕು. ಅದಕ್ಕೆ ಬೇಕಾದ ಅಳತೆಯ ಪಾತ್ರೆ ಮನೆಯಲ್ಲೇ ಇದೆ. ಅದು ಚಾರ್ಜರು.

ಒಂದು ಉದಾಹರಣೆ. ೨೨೦೦ ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಖಂಡಿತ ಸಾಕಾಗುವುದೆಂದು ತೋರುವ ೬ ನಿಮಿಷ ಮಾತ್ರ ಹಾರಿಸಿ ಇಳಿಸಿರಿ. ಮನೆಗೆ ಬಂದು ಮತ್ತೆ ಪೂರ್ತಿ ತುಂಬಿಸಿರಿ. ಎಷ್ಟು ವಿದ್ಯುತ್ತು ಒಳಗೆ ಹೋಯಿತೆಂಬುದನ್ನು ಚಾರ್ಜರು ತೋರಿಸುವುದು. ಅದು ೧೩೨೦ ಎಂದಿರಲಿ. ಲಿಥಿಯಂ ಕೋಶದಲ್ಲಿ ಹೊರಗೆ ಹೋದಷ್ಟೇ ಬಹುಪಾಲು ಒಳಗೆ ಬರುವುದರಿಂದ, ಹಾರಾಟದಲ್ಲಿ ಖರ್ಚಾದುದೂ ೧೩೨೦. ಎಂದರೆ ನಿಮಿಷಕ್ಕೆ ೨೨೦. ಬ್ಯಾಟರಿಯ ಐದನೆಯ ಒಂದು ಭಾಗವನ್ನು ಎಂದೂ ಮುಟ್ಟಬಾರದೆಂಬ ನಿಯಮದಂತೆ ನಮ್ಮ ಖರ್ಚಿಗೆ ಸಿಗುವುದು ೧೭೬೦. ಅದನ್ನು ೨೨೦ರಿಂದ ಭಾಗಿಸಿದರೆ ೮ ನಿಮಿಷ ಬಂದಿತು. ಇಳಿಸುವುದಕ್ಕೆಂದು ಒಂದು ನಿಮಿಷ ಕಳೆದು, ಟೈಮರನ್ನು ೭ ನಿಮಿಷಕ್ಕೆ ಹೊಂದಿಸಬೇಕು.

ಒಂದು ಹಾರಾಟದಿಂದಲೇ ತೀರ್ಮಾನಕ್ಕೆ ಬರಬಾರದೆಂಬುದನ್ನು ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಗಳು ಬಲ್ಲರು. ಇನ್ನೊಂದು ದಿನ ಗಾಳಿ ಹೆಚ್ಚಾಗಿದ್ದು, ಲಾಗ ಹೊಡೆಸುವ ಆಸೆಯೂ ಹೆಚ್ಚಾಗಿ, ಅದೇ ೬ ನಿಮಿಷಕ್ಕೆ ೧೫೦೦ ಖರ್ಚಾದೀತು. ಆಗ ನಿಮಿಷಕ್ಕೆ ೨೫೦, ಸಿಗುವ ಕಾಲ ೭ ನಿಮಿಷಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಟೈಮರಿಗೆ ೬. ಇಂಥ ನಾಲ್ಕಾರು ಹಾರಾಟಗಳ ಸರಾಸರಿಯನ್ನು ತೆಗೆಯುವುದು ಅಂಕಗಣಿತಕ್ಕೆ ಸರಿ, ಇಲ್ಲಿ ಸಲ್ಲದು. ಅತಿ ಹೆಚ್ಚು ಖರ್ಚಾದ ದಿನದ ಸಂಖ್ಯೆಯನ್ನೇ ಹಿಡಿಯಬೇಕು. ಸರಾಸರಿಯನ್ನು ನಂಬಿದವನ ವಿಮಾನವು ಸರಾಸರಿಗಿಂತ ಕೆಟ್ಟ ದಿನದಂದು ತೋಟದೊಳಗೆ ಇಳಿಯುವುದು.

ಥ್ರಾಟಲಿನ ಸ್ಥಾನಕ್ಕೆ ತಕ್ಕಂತೆ ವೇಗವಾಗಿಯೋ ನಿಧಾನವಾಗಿಯೋ ಓಡುವ ಟೈಮರುಗಳೂ ಕೆಲವು ರಿಮೋಟುಗಳಲ್ಲಿವೆ. ಸನ್ನೆ ಪೂರ್ತಿ ಮೇಲಿದ್ದರೆ ಸೆಕೆಂಡಿಗೆ ಒಂದು ಸೆಕೆಂಡು, ಅರ್ಧದಲ್ಲಿದ್ದರೆ ಎರಡು ಸೆಕೆಂಡಿಗೆ ಒಂದು, ಕೆಳಗಿದ್ದರೆ ನಿಂತೇ ಇರುವುದು. ಬತ್ತಿ ತಗ್ಗಿಸಿದರೆ ಎಣ್ಣೆ ಉಳಿಯುವುದೆಂಬ ಲೆಕ್ಕವೇ ಇದು. ಆದರೆ ಪ್ರೊಪೆಲ್ಲರಿನ ಸುತ್ತುವ ವೇಗ ಅರ್ಧವಾದಾಗ ಅದಕ್ಕೆ ಬೇಕಾಗುವ ಶಕ್ತಿ ಅರ್ಧವಾಗುವುದಿಲ್ಲ. ಸುಮಾರಾಗಿ ವೇಗದ ಘನಕ್ಕೆ ಅನುಗುಣವಾಗಿ ತಗ್ಗಿ, ಎಂಟನೆಯ ಒಂದು ಭಾಗದ ಹತ್ತಿರ ಬರುವುದು. ಆದುದರಿಂದ ಪೂರ್ಣ ವೇಗದ ಖರ್ಚಿಗೆ ಹೊಂದಿಸಿದ ಇಂಥ ಟೈಮರು ತಪ್ಪಿದರೂ ಜಾಗರೂಕತೆಯ ಕಡೆಗೇ ತಪ್ಪುವುದು. ಜಿಪುಣನ ಲೆಕ್ಕ ಎಂದರೂ ಸರಿಯೆ.

ಬ್ಯಾಟರಿಯ ವೋಲ್ಟೇಜನ್ನು ಅಳೆದು ಕೂಗುವ ಪುಟ್ಟ ಎಚ್ಚರಿಕೆ ಯಂತ್ರವೊಂದಿದ್ದರೆ ಟೈಮರಿನ ಗೊಡವೆಯೇ ಬೇಡವಲ್ಲ ಎಂದು ಕೆಲವರು ಕೇಳುವರು. ಅದರ ಕುಂದನ್ನು ಓಮನ ನಿಯಮದಿಂದ ತಿಳಿಯಬಹುದು. ಮೂರು ಕೋಶಗಳ ಬ್ಯಾಟರಿಯ ಒಳರೋಧವು ೦.೦೩ ಓಮ್ ಇದ್ದು, ೨೦ ಆಂಪಿಯರ್ ಪ್ರವಾಹ ಹರಿದರೆ ೦.೬ ವೋಲ್ಟ್ ಒಳಗೇ ನಷ್ಟವಾಗುವುದು. ಎಂದರೆ ಪೂರ್ಣ ವೇಗದಲ್ಲಿ ಏರುವಾಗ ಯಂತ್ರವು ಕೂಗಿ, ಸನ್ನೆ ಇಳಿಸಿದೊಡನೆ ಸುಮ್ಮನಾದೀತು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯಂತೆ, ಕೊನೆಗೆ ಅದರ ಮಾತನ್ನು ಯಾರೂ ಕೇಳದಾಗುವರು. ಬ್ಯಾಟರಿ ಹಳೆಯದಾದಷ್ಟೂ ಒಳರೋಧ ಹೆಚ್ಚುವುದು, ಹಿಡಿಸುವ ವಿದ್ಯುತ್ತು ತಗ್ಗುವುದು. ಚಳಿಗಾಲದ ಮುಂಜಾನೆ ಎರಡೂ ತೊಂದರೆ ಇನ್ನಷ್ಟು. ಟೈಮರು ಮುಖ್ಯ, ವೋಲ್ಟೇಜು ಅದಕ್ಕೆ ಸಾಕ್ಷಿ ಎಂದಿಟ್ಟುಕೊಳ್ಳುವುದು ಮೇಲು. ಇಳಿದು ಸ್ವಲ್ಪ ಹೊತ್ತಾದ ಮೇಲೆ ಕೋಶವೊಂದಕ್ಕೆ ಸುಮಾರು ೩.೭ ವೋಲ್ಟಿಗಿಂತ ಕಡಿಮೆ ಕಂಡರೆ, ನಮ್ಮ ಲೆಕ್ಕದಲ್ಲಿ ಎಲ್ಲೋ ಉದಾರತೆ ಹೆಚ್ಚಾಗಿದೆಯೆಂದು ತಿಳಿಯಬೇಕು.

ಊರೂರಿಗೂ ಈ ಲೆಕ್ಕ ಬದಲಾಗುವುದೆಂಬುದು ಕೆಲವರಿಗೆ ಆಶ್ಚರ್ಯವೆನಿಸೀತು. ತರೀಕೆರೆಯು ಸಮುದ್ರಮಟ್ಟದಿಂದ ಸುಮಾರು ೭೦೦ ಮೀಟರ್ ಎತ್ತರದಲ್ಲಿದೆ. ಉಷ್ಣತೆ ಒಂದೇ ಆಗಿದ್ದರೆ, ಇಲ್ಲಿನ ಗಾಳಿ ಮಂಗಳೂರಿನ ಕಡಲತೀರದ ಗಾಳಿಗಿಂತ ನೂರಕ್ಕೆ ೮ರಷ್ಟು ತೆಳು. ತೆಳುಗಾಳಿಯಲ್ಲಿ ಅಷ್ಟೇ ಭಾರವನ್ನು ಎತ್ತಿಹಿಡಿಯಬೇಕಾದರೆ ವಿಮಾನ ಹೆಚ್ಚು ವೇಗವಾಗಿ ಹಾರಬೇಕು. ಅದಕ್ಕೆ ನೂರಕ್ಕೆ ೪ರಷ್ಟು ಹೆಚ್ಚು ಶಕ್ತಿ ಬೇಕು. ಮಂಗಳೂರಿನಲ್ಲಿ ೮ ನಿಮಿಷ ಹಾರುವ ವಿಮಾನ ಇಲ್ಲಿ ಸುಮಾರು ೨೦ ಸೆಕೆಂಡು ಮೊದಲೇ ದಣಿಯುವುದು. ಅದನ್ನೇ ಸುಮಾರು ೧೪೩೦ ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಹಾರಿಸಿದರೆ ೪೦ ಸೆಕೆಂಡು ಕಡಿಮೆಯಾಗುವುದು.

ಎತ್ತರಕ್ಕಿಂತಲೂ ಹೆಚ್ಚು ಮೋಸ ಮಾಡುವುದು ಗಾಳಿಯ ಬೀಸು. ಮಳೆಗಾಲದ ತಿಂಗಳುಗಳಲ್ಲಿ ಘಟ್ಟದ ಕಡೆಯಿಂದ ಪೂರ್ವಕ್ಕೆ, ಕಡೂರು ಅಜ್ಜಂಪುರಗಳ ಬಯಲುಸೀಮೆಯ ಕಡೆಗೆ, ಗಾಳಿ ಬಲವಾಗಿ ಬೀಸುವುದು. ಸೆಕೆಂಡಿಗೆ ೧೨ ಮೀಟರ್ ಹಾರುವ ವಿಮಾನಕ್ಕೆ ೬ ಮೀಟರಿನ ಗಾಳಿ ಬೆನ್ನಿಗೆ ಬಂದರೆ ಅದು ನೆಲದ ಮೇಲೆ ೧೮ ಮೀಟರ್ ಓಡುವುದು. ಹಿಂದಿರುಗುವಾಗ ಎದುರುಗಾಳಿಯಲ್ಲಿ ೬ ಮೀಟರ್ ಮಾತ್ರ. ಹೋಗಲು ಒಂದು ನಿಮಿಷ, ಬರಲು ಮೂರು ನಿಮಿಷ! ಟೈಮರು ಒಂದು ನಿಮಿಷ ಉಳಿದಿದೆ ಎಂದು ಹೇಳುತ್ತಲೇ ಇರುವುದು, ವಿಮಾನವು ಮನೆ ಸೇರದು. ಆದುದರಿಂದ ಮೊದಲ ನಿಮಿಷಗಳನ್ನು ಗಾಳಿ ಬರುವ ದಿಕ್ಕಿನಲ್ಲೇ ಕಳೆಯುವುದು ಒಳ್ಳೆಯದು.

ಮೆಥನಾಲ್ ಉರಿಸುವ ಪುಟ್ಟ ಎಂಜಿನುಗಳನ್ನು ಬಳಸುವವರಿಗೆ ಈ ವಿಧಾನವೇ ಇನ್ನೂ ಸುಲಭ: ಪಿಚಕಾರಿಯಿಂದ ಅಳೆದು ಇಂಧನ ತುಂಬಿ, ಹಾರಾಟದ ಅನಂತರ ಉಳಿದುದನ್ನು ಹಿಂದಕ್ಕೆಳೆದು ಅಳೆದರಾಯಿತು.

ಇದನ್ನೆಲ್ಲ ಹುಡುಗರ ಆಟದ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ಬಯಲಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ಸೂರ್ಯನ ಬೆಳಕಿನಿಂದ ನಡೆಯುವ ಉದ್ದ ರೆಕ್ಕೆಯ ವಿಮಾನವೊಂದರ ಚಿಕ್ಕ ಮಾದರಿಯನ್ನು ೨೦೨೪ರಲ್ಲಿ ಅಲ್ಲಿ ಹಾರಿಸಿದಾಗ ಅದು ಎಂಟು ಗಂಟೆಗಳಿಗೂ ಹೆಚ್ಚು ಕಾಲ ಮೇಲಿದ್ದಿತು. ಮುಂದೆ ಇಂಥವು ತಿಂಗಳುಗಟ್ಟಲೆ ಮೇಲಿರಬೇಕೆಂಬುದು ಉದ್ದೇಶ. ಹಗಲು ಬ್ಯಾಟರಿಗೆ ಜಮೆಯಾದುದು ಇರುಳ ಖರ್ಚಿಗೆ ಸಾಲುವುದೆ ಎಂಬುದೇ ಅಲ್ಲಿಯೂ ಎದುರಿಸಬೇಕಾದ ಪ್ರಶ್ನೆ. ಎನ್.ಸಿ.ಸಿ.ಯ ವಾಯುದಳ ವಿಭಾಗದಲ್ಲಿ ಮಾದರಿ ವಿಮಾನದ ಪಾಠ ಕಲಿಯುವ ವಿದ್ಯಾರ್ಥಿಗಳು ತಮ್ಮ ಚಾರ್ಜರಿನ ಸಂಖ್ಯೆಗಳಿಂದ ಈ ಪ್ರಶ್ನೆಯನ್ನು ಸುಲಭವಾಗಿ ಗ್ರಹಿಸಬಲ್ಲರು. ಎಲ್ಲಿ ಹಾರಿಸಬಹುದು, ಎಲ್ಲಿ ಅನುಮತಿ ಬೇಕು ಎಂಬುದನ್ನು ೨೦೨೧ರ ಡ್ರೋನ್ ನಿಯಮಗಳು ಹೇಳುತ್ತವೆ. ಬಯಲನ್ನು ಆರಿಸುವ ಮೊದಲು ಅವನ್ನು ನೋಡಿಕೊಳ್ಳಬೇಕು.

ಇನ್ನು ಟೈಮರು ಕೂಗಿದಾಗ ಮಾಡಬೇಕಾದುದು. ಕೂಗಿದೊಡನೆ ಲಾಗ, ಉರುಳಾಟಗಳನ್ನೆಲ್ಲ ನಿಲ್ಲಿಸಿ, ಥ್ರಾಟಲನ್ನು ತಗ್ಗಿಸಿ, ವಿಮಾನವನ್ನು ಗಾಳಿಗೆದುರಾಗಿ ತಂದು ಇಳಿಜಾರಿನಲ್ಲಿ ಬಿಡಬೇಕು. ಸರಿಯಾಗಿ ಆಗಲೇ ದನಗಳು ಮೇವು ಮುಗಿಸಿ ಬಯಲನ್ನು ಅಡ್ಡಹಾಯತೊಡಗಬಹುದು. ಸಂಜೆ ಐದೂವರೆಯ ಸುಮಾರಿಗೆ ಹಾರಿಸುವವರಿಗೆ ಇದು ಅಪರೂಪವೇನಲ್ಲ. ಆಗ ಗಾಬರಿಯಾಗದೆ ಮೋಟಾರನ್ನು ಮತ್ತೆ ಏರಿಸಿ ಒಂದು ಸುತ್ತು ಹಾಕಿ ಬರಬೇಕು. ಒಂದು ಸುತ್ತಿಗೆ ಹೆಚ್ಚೆಂದರೆ ಅರ್ಧ ನಿಮಿಷ. ನಾವು ಕಳೆದಿಟ್ಟ ಒಂದು ನಿಮಿಷದಲ್ಲಿ ಇಂಥ ಎರಡು ಸುತ್ತುಗಳಿವೆ. ಅದರ ಹಿಂದೆ ಮುಟ್ಟದೆ ಇಟ್ಟ ಐದನೆಯ ಒಂದು ಭಾಗವೂ ಇದೆ. ದನಗಳು ದಾಟಿದ ಮೇಲೆ ಇಳಿಸಿ, ಬ್ಯಾಟರಿಯನ್ನು ಬಿಚ್ಚಿ, ಆ ದಿನದ ನಿಮಿಷಗಳನ್ನೂ ಗಾಳಿಯ ಬಲವನ್ನೂ ಪುಸ್ತಕದಲ್ಲಿ ಬರೆದುಕೊಂಡು, ಚಾರ್ಜರಿನ ಸಂಖ್ಯೆಗೆಂದು ಪಕ್ಕದಲ್ಲಿ ಒಂದು ಖಾಲಿ ಮನೆಯನ್ನು ಬಿಡಬೇಕು.